ಹಳೆಯ ಗಣಕಕ್ಕೆ ಹೊಸ ಪ್ರೊಸೆಸರ್

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, 2011ರ ಕೊನೆಯಲ್ಲಿ ಕೊಂಡ ಒಂದು ಗಣಕವಿದೆ. ಅದರ ಪೆಟ್ಟಿಗೆಯ ಬಣ್ಣ ಮಾಸಿದೆ; ಕೀಲಿಮಣೆಯ ಮೇಲೆ ಕೆಲವು ಅಕ್ಷರಗಳು ಅಳಿಸಿಹೋಗಿವೆ. ಆದರೂ ಅದು ಇಂದಿಗೂ ದುಡಿಯುತ್ತಿದೆ. ಕಳೆದ ಮಳೆಗಾಲದಲ್ಲಿ ಬಿ.ಎಸ್‌ಸಿ. ಅಂತಿಮ ತರಗತಿಯ ನಾಲ್ವರು ವಿದ್ಯಾರ್ಥಿಗಳು ಅದರ ಮೇಲೆ ಒಂದು ದೊಡ್ಡ ಲೆಕ್ಕವನ್ನು ಹೂಡಿದರು. ಅಯಸ್ಕಾಂತವನ್ನು ಕಾಯಿಸುತ್ತ ಹೋದರೆ ಯಾವ ಉಷ್ಣತೆಯಲ್ಲಿ ಅದರ ಕಾಂತತ್ವ ಅಳಿದುಹೋಗುವುದು ಎಂಬುದು ಅವರು ಎತ್ತಿಕೊಂಡ ಪ್ರಶ್ನೆ.

ಇದಕ್ಕೆ ಅವರು ಬಳಸಿದುದು ಅರ್ನ್ಸ್ಟ್ ಈಸಿಂಗ್ ಎಂಬ ವಿಜ್ಞಾನಿಯ ಹೆಸರಿನಿಂದ ಪ್ರಸಿದ್ಧವಾದ ಮಾದರಿಯನ್ನು. ಚದುರಂಗದ ಹಾಸಿನಂತೆ ಮನೆಗಳನ್ನು ಕಲ್ಪಿಸಿ, ಒಂದೊಂದು ಮನೆಯಲ್ಲಿ ಒಂದೊಂದು ಪುಟ್ಟ ಅಯಸ್ಕಾಂತವನ್ನು ಇಡಬೇಕು. ಅದರ ಮುಖ ಮೇಲಕ್ಕಿರಬಹುದು, ಇಲ್ಲವೆ ಕೆಳಕ್ಕಿರಬಹುದು. ಗಣಕವು ಯಾವುದಾದರೊಂದು ಮನೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅದನ್ನು ತಿರುಗಿಸಬೇಕೆ ಬೇಡವೆ ಎಂದು ಉಷ್ಣತೆಗೆ ಅನುಗುಣವಾಗಿ ತೀರ್ಮಾನಿಸಬೇಕು. ಹೀಗೆ ಕೋಟಿಗಟ್ಟಲೆ ಸಲ! ಮತ್ತೆ ಉಷ್ಣತೆಯನ್ನು ಸ್ವಲ್ಪ ಏರಿಸಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಇಂಥ ಹದಿನಾರು ಉಷ್ಣತೆಗಳನ್ನು ಅವರು ಆರಿಸಿಕೊಂಡಿದ್ದರು.

ಸಂಜೆ ಹೂಡಿದ ಲೆಕ್ಕ ಮರುದಿನ ಬೆಳಗ್ಗೆ ನಾವು ಬಾಗಿಲು ತೆರೆಯುವಾಗಲೂ ನಡೆಯುತ್ತಲೇ ಇರುತ್ತಿತ್ತು. ನಡುರಾತ್ರಿಯಲ್ಲಿ ವಿದ್ಯುತ್ತು ಬಹಳ ಹೊತ್ತು ಹೋಯಿತೆಂದರೆ ದುಡಿದುದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆಷಾಢದ ಮಳೆಯಲ್ಲಿ ನಮ್ಮ ಊರಿನಲ್ಲಿ ಇದು ಅಪರೂಪವೇನಲ್ಲ. ವರದಿ ಒಪ್ಪಿಸಲು ಉಳಿದಿದ್ದುದು ಮೂರೇ ವಾರ. ಹೊಸ ಗಣಕವನ್ನು ಕೊಳ್ಳಲು ವಿಭಾಗದಲ್ಲಿ ಹಣವಿರಲಿಲ್ಲ.

“ಪ್ರೊಸೆಸರ್ ಒಂದನ್ನೇ ಬದಲಾಯಿಸಿದರೆ ಆಗದೆ, ಸರ್?” ಎಂದು ಒಬ್ಬಾಕೆ ಕೇಳಿದಳು.

ಆಗಬಹುದು, ಆಗದೆಯೂ ಇರಬಹುದು. ಯಾವಾಗ ಆಗುವುದು, ಯಾವಾಗ ಆಗದು ಎಂಬುದೇ ಈ ಲೇಖನದ ವಿಷಯ.

ಯಂತ್ರವು ಯಾವುದಕ್ಕಾಗಿ ಕಾಯುತ್ತಿದೆ?

ಪ್ರೊಸೆಸರನ್ನು ಗಣಕದ ಮಿದುಳು ಎಂದು ಹೇಳುವ ವಾಡಿಕೆಯುಂಟು. ಹೋಲಿಕೆ ಸೊಗಸಾಗಿದ್ದರೂ ಅದರಿಂದ ಒಂದು ತಪ್ಪು ಕಲ್ಪನೆ ಹುಟ್ಟುತ್ತದೆ: ಮಿದುಳು ಚುರುಕಾದರೆ ಯಂತ್ರವೆಲ್ಲ ಚುರುಕಾಗುವುದೆಂದು ನಾವು ನಂಬಿಬಿಡುತ್ತೇವೆ. ಇದು ಎಷ್ಟರ ಮಟ್ಟಿಗೆ ನಿಜವೆಂದು ಲೆಕ್ಕ ಹಾಕಿ ನೋಡೋಣ.

ನಮ್ಮ ಗಣಕದಲ್ಲಿದ್ದುದು ಇಂಟೆಲ್ ಸಂಸ್ಥೆಯ ಪೆಂಟಿಯಂ ಜಿ620 ಎಂಬ ಪ್ರೊಸೆಸರ್. ಅದರ ಗಡಿಯಾರದ ವೇಗ 2.6 ಗಿಗಾಹರ್ಟ್ಸ್, ಅಂದರೆ ಒಂದು ಸೆಕೆಂಡಿಗೆ 260 ಕೋಟಿ ಮಿಡಿತಗಳು. ಒಂದು ಮಿಡಿತದಿಂದ ಮತ್ತೊಂದು ಮಿಡಿತಕ್ಕೆ ಎಷ್ಟು ಅಲ್ಪ ಕಾಲವೆಂದರೆ, ಅಷ್ಟರಲ್ಲಿ ಬೆಳಕು ಕೂಡ ಹನ್ನೊಂದೂವರೆ ಸೆಂಟಿಮೀಟರು, ಎಂದರೆ ಸುಮಾರು ಅರ್ಧ ಗೇಣು ದೂರ ಮಾತ್ರ ಸಾಗಬಲ್ಲುದು!

ಇಷ್ಟು ಚಿಕ್ಕ ಕಾಲವನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಆದ್ದರಿಂದ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸೋಣ. ಪ್ರೊಸೆಸರು ಸೆಕೆಂಡಿಗೊಂದು ಹೆಜ್ಜೆಯಿಡುವ ಒಬ್ಬ ಗುಮಾಸ್ತನೆಂದು ಭಾವಿಸೋಣ. ಅವನಿಗೆ ಬೇಕಾದ ಅಂಕಿ ಪ್ರೊಸೆಸರಿನೊಳಗೇ ಇರುವ ಕ್ಯಾಷ್ ಎಂಬ ಕಿರುಸ್ಮೃತಿಯಲ್ಲಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಕೈಗೆ ಸಿಗುವುದು. ಅಲ್ಲಿಲ್ಲದಿದ್ದರೆ ಮುಖ್ಯ ಸ್ಮೃತಿಯಿಂದ, ಎಂದರೆ ರ‍್ಯಾಮಿನಿಂದ, ತರಿಸಿಕೊಳ್ಳಬೇಕು. ಅದಕ್ಕೆ ಹಿಡಿಯುವ ಕಾಲ ಸುಮಾರು 80 ನ್ಯಾನೊಸೆಕೆಂಡು. ನಮ್ಮ ಹಿಗ್ಗಿಸಿದ ಗಡಿಯಾರದಲ್ಲಿ ಮೂರೂವರೆ ನಿಮಿಷ. ಇಷ್ಟಾದರೆ ಚಿಂತೆಯಿಲ್ಲ.

ಅಲ್ಲಿಯೂ ಇಲ್ಲದೆ ಹಾರ್ಡ್ ಡಿಸ್ಕಿನಿಂದ ತರಬೇಕಾದರೆ? ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಕಾಯಬೇಕು; ಅಂದರೆ ಸುಮಾರು 4.2 ಮಿಲಿಸೆಕೆಂಡು. ಇದು ಒಂದು ಕೋಟಿ ಎಂಟು ಲಕ್ಷ ಮಿಡಿತಗಳಿಗೆ ಸಮ. ನಮ್ಮ ಗುಮಾಸ್ತನ ಲೆಕ್ಕದಲ್ಲಿ ನೂರಿಪ್ಪತ್ತೈದು ದಿನ! ಒಂದು ಕಾಗದಕ್ಕಾಗಿ ಅವನು ನಾಲ್ಕು ತಿಂಗಳು ಕೈಕಟ್ಟಿ ಕುಳಿತಿರಬೇಕು.

ಈಗ ಅವನನ್ನು ತೆಗೆದು 3.2 ಗಿಗಾಹರ್ಟ್ಸಿನ ಚುರುಕಾದ ಗುಮಾಸ್ತನನ್ನು ಕೂರಿಸಿದೆವೆನ್ನಿ. ತಟ್ಟೆಯ ವೇಗ ಬದಲಾಗಲಿಲ್ಲ. ಹೊಸಬನ ಹೆಜ್ಜೆಗಳಲ್ಲಿ ಎಣಿಸಿದರೆ ಅದೇ ಕಾಗದಕ್ಕೆ ಐದು ತಿಂಗಳು. ಕೆಲಸ ಬೇಗನೆ ಮುಗಿಯಲಿಲ್ಲ. ಕಾಯುವವನು ಬದಲಾದ, ಅಷ್ಟೆ. ಇದಕ್ಕೆ ಪ್ರತಿಯಾಗಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬ ಸಂಗ್ರಾಹಕವನ್ನು ಹಾಕಿದರೆ ಕಾಯುವ ಕಾಲ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಆಗ ಹಳೆಯ ಗುಮಾಸ್ತನೇ ಮೂರು ದಿನದಲ್ಲಿ ಕಾಗದ ಪಡೆಯುವನು.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಪ್ರೊಸೆಸರ್ ಕೊಳ್ಳಲಿ?’ ಎಂಬುದಲ್ಲ, ‘ನನ್ನ ಯಂತ್ರವು ಯಾವುದಕ್ಕಾಗಿ ಕಾಯುತ್ತಿದೆ?’ ಎಂಬುದು.

ಇದನ್ನು ತಿಳಿಯಲು ಉಪಕರಣವೇನೂ ಬೇಕಾಗಿಲ್ಲ. ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್, ಲಿನಕ್ಸ್ ಇದ್ದರೆ ಸಿಸ್ಟಮ್ ಮಾನಿಟರ್ ತೆರೆದು, ಯಂತ್ರ ನಿಧಾನವಾಗಿರುವ ಹೊತ್ತಿನಲ್ಲೇ ನೋಡಬೇಕು. ನಮ್ಮ ಕಾಲೇಜಿನ ಕಚೇರಿಯಲ್ಲೂ ಇಂಥದೇ ಗಣಕವೊಂದಿತ್ತು. ಅದನ್ನು ಚಾಲೂ ಮಾಡಿ ಕಡತ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದೆಂದು ಅಲ್ಲಿಯವರು ಹೇಳುತ್ತಿದ್ದರು. ನೋಡಿದಾಗ ಪ್ರೊಸೆಸರಿನ ಸೂಚಕ ಹತ್ತರ ಆಚೀಚೆ, ಡಿಸ್ಕಿನದು ನೂರು. ಅದಕ್ಕೆ ಬೇಕಾದುದು ಎಸ್‌ಎಸ್‌ಡಿಯೇ ಹೊರತು ಪ್ರೊಸೆಸರ್ ಅಲ್ಲ. ನಮ್ಮ ಪ್ರಯೋಗಶಾಲೆಯ ಯಂತ್ರದಲ್ಲಾದರೋ ಡಿಸ್ಕು ಸುಮ್ಮನಿತ್ತು. ಸ್ಮೃತಿ ಅರ್ಧ ಖಾಲಿಯಿತ್ತು. ಪ್ರೊಸೆಸರಿನ ಸೂಚಕ ರಾತ್ರಿಯಿಡೀ 50ರಲ್ಲಿ ನಿಂತಿತ್ತು. ಕಾಯಿಸುತ್ತಿರುವುದು ಲೆಕ್ಕವೇ ಎಂದು ನಾವು ತೀರ್ಮಾನಿಸಿದೆವು. ತೀರ್ಮಾನ ಸರಿಯಾಗಿತ್ತು. ಆದರೆ ಸೂಚಕ ನೂರರಲ್ಲಿ ನಿಲ್ಲದೆ ಐವತ್ತರಲ್ಲೇಕೆ ನಿಂತಿತೆಂದು ನಾವು ವಿಚಾರಿಸಲಿಲ್ಲ. ಆ ಉಪೇಕ್ಷೆಯ ಫಲವನ್ನು ಮುಂದೆ ಕಾಣುವೆವು.

ಹೊಂದಿಕೆಯ ಮೂರು ಮೆಟ್ಟಿಲು

ಅಂಗಡಿಯಲ್ಲಿ ಸಿಗುವ ಯಾವ ಪ್ರೊಸೆಸರನ್ನಾದರೂ ತಂದು ಕೂರಿಸಲು ಬಾರದು. ಮೊದಲನೆಯದು ಸಾಕೆಟ್ಟಿನ ಹೊಂದಿಕೆ. ನಮ್ಮ ಮದರ್‌ಬೋರ್ಡಿನದು ಎಲ್‌ಜಿಎ 1155 ಎಂಬ ಸಾಕೆಟ್. ಅದರಲ್ಲಿ 1155 ಸೂಕ್ಷ್ಮವಾದ ಲೋಹದ ಸ್ಪರ್ಶಕಗಳುಂಟು. 2011ರ ‘ಸ್ಯಾಂಡಿ ಬ್ರಿಡ್ಜ್’ ಮತ್ತು 2012ರ ‘ಐವಿ ಬ್ರಿಡ್ಜ್’ ಎಂಬ ಎರಡು ಪೀಳಿಗೆಯ ಪ್ರೊಸೆಸರುಗಳು ಇದರಲ್ಲಿ ಕೂರಬಲ್ಲವು. 2013ರಲ್ಲಿ ಬಂದ ಮುಂದಿನ ಪೀಳಿಗೆಗೆ 1150 ಸ್ಪರ್ಶಕಗಳ ಬೇರೆ ಸಾಕೆಟ್. ಐದೇ ಸ್ಪರ್ಶಕಗಳ ವ್ಯತ್ಯಾಸವೆಂದು ತಿಳಿದು ಬಲವಂತದಿಂದ ಕೂರಿಸಹೊರಟರೆ ಎರಡೂ ಹಾಳು. ಹೀಗೆ ಹಳೆಯ ಯಂತ್ರವು ಎಷ್ಟು ಮೇಲೇರಬಹುದೆಂಬುದು ಅದರ ಸಾಕೆಟ್ಟಿನಲ್ಲೇ ನಿರ್ಧಾರವಾಗಿರುತ್ತದೆ.

ಎರಡನೆಯದು ಬಯಾಸ್. ಗಣಕವು ಚಾಲೂ ಆದೊಡನೆ ಮೊದಲು ನಡೆಯುವ ಚಿಕ್ಕ ಕ್ರಮವಿಧಿಯಿದು. ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಬರೆದಿರುತ್ತದೆ. ಸಾಕೆಟ್ಟಿನಲ್ಲಿ ಕುಳಿತಿರುವ ಪ್ರೊಸೆಸರು ಯಾವುದೆಂದು ಇದು ಗುರುತಿಸಬೇಕು. 2011ರಲ್ಲಿ ಬರೆದ ಬಯಾಸಿಗೆ 2012ರಲ್ಲಿ ಹುಟ್ಟಿದ ಪ್ರೊಸೆಸರಿನ ಪರಿಚಯವಿರುವುದು ಹೇಗೆ?

ಮೂರನೆಯದು ವಿದ್ಯುತ್ತು ಮತ್ತು ಶಾಖ. ಹಳೆಯ ಜಿ620ರ ಉಷ್ಣಮಿತಿ 65 ವಾಟ್. ನಾವು ಆರಿಸಿದ ಕೋರ್ ಐ5-3470 ಎಂಬುದರ ಮಿತಿ 77 ವಾಟ್. ಹನ್ನೆರಡು ವಾಟಿನ ಹೆಚ್ಚಳವನ್ನು ನಮ್ಮ ಬೋರ್ಡು ತಾಳಬಲ್ಲದೆಂಬುದನ್ನು ಅದರ ತಯಾರಕರು ಪ್ರಕಟಿಸಿರುವ ಪ್ರೊಸೆಸರುಗಳ ಪಟ್ಟಿಯಿಂದ ಖಚಿತಪಡಿಸಿಕೊಂಡೆವು. ಇಂಥ ಪಟ್ಟಿಯನ್ನು ನೋಡದೆ ಯಾರೂ ಹಣ ತೆರಬಾರದು.

ಈ ಪ್ರೊಸೆಸರ್ ಈಗ ಹೊಸದಾಗಿ ತಯಾರಾಗುವುದಿಲ್ಲ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯೆಂದು ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆಯ ಅಂಗಡಿಯೊಂದರಿಂದ ಬಳಸಿದ ಪ್ರೊಸೆಸರೊಂದನ್ನು ತರಿಸಿದೆವು.

ಗಿಗಾಹರ್ಟ್ಸ್ ಏಕೆ ಏರಲಿಲ್ಲ?

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬಂದಿತು. ಹಳೆಯದು 2.6, ಹೊಸದು 3.2, ಒಂದೇ ಕೋರ್ ದುಡಿಯುವಾಗ ಅಲ್ಪಕಾಲ 3.6ರವರೆಗೆ ಏರಬಲ್ಲುದು. 2004ರಲ್ಲೇ ಪೆಂಟಿಯಂ 4 ಎಂಬ ಪ್ರೊಸೆಸರು 3.8 ಗಿಗಾಹರ್ಟ್ಸ್ ಮುಟ್ಟಿತ್ತಲ್ಲ! ಎಂಟು ವರ್ಷಗಳಲ್ಲಿ ಪ್ರಗತಿಯೇ ಆಗಲಿಲ್ಲವೆ?

ಉತ್ತರ ಭೌತಶಾಸ್ತ್ರದಲ್ಲಿದೆ. ಪ್ರೊಸೆಸರಿನಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಪುಟ್ಟ ಕೆಪಾಸಿಟರುಗಳಂತೆ ಪ್ರತಿ ಮಿಡಿತಕ್ಕೂ ತುಂಬಿ ಬರಿದಾಗುತ್ತವೆ. ಪ್ರತಿ ಸಲವೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ಆದ್ದರಿಂದ ಶಾಖವು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ನೂರಕ್ಕೆ ಹತ್ತರಂತೆ ಏರಿಸಿದರೆ ಶಾಖ 1.1ರ ಘನದಷ್ಟು, ಎಂದರೆ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುವುದು. ವೇಗದ ಲಾಭ ಹತ್ತು, ಶಾಖದ ದಂಡ ಮೂವತ್ತಮೂರು!

ಈ ಶಾಖವೆಲ್ಲ ಹೊರಡುವುದು ಒಂದೂವರೆ ಚದರ ಸೆಂಟಿಮೀಟರಿನಷ್ಟು ಸಿಲಿಕಾನ್ ತುಣುಕಿನಿಂದ. ಗರಿಷ್ಠ ದುಡಿಮೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಐವತ್ತು ವಾಟ್. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರು ಇದ್ದರೆ ಅಲ್ಲಿ ಚದರ ಸೆಂಟಿಮೀಟರಿಗೆ ಐದೇ ವಾಟ್. ಇಸ್ತ್ರಿಪೆಟ್ಟಿಗೆಗಿಂತ ಹತ್ತು ಮಡಿ ತೀವ್ರವಾದ ಒಲೆ ನಮ್ಮ ಮೇಜಿನ ಮೇಲಿದೆಯೆಂದಾಯಿತು. ಆದ್ದರಿಂದಲೇ ತಯಾರಕರು ಒಂದು ಕೋರನ್ನು ಇನ್ನಷ್ಟು ಓಡಿಸುವ ಬದಲು, ಮಿತವಾದ ವೇಗದ ಹಲವು ಕೋರುಗಳನ್ನು ಒಂದೇ ತುಣುಕಿನಲ್ಲಿ ಇಡತೊಡಗಿದರು. ಹಳೆಯ ಜಿ620ರಲ್ಲಿ ಎರಡು ಕೋರುಗಳು. ಹೊಸ ಐ5ರಲ್ಲಿ ನಾಲ್ಕು.

ಕತ್ತಲಾದ ಪರದೆ

ಒಂದು ಶನಿವಾರ ಮಧ್ಯಾಹ್ನ ಕೆಲಸಕ್ಕೆ ಕೈಹಚ್ಚಿದೆವು. ತಂತಿಯನ್ನು ಗೋಡೆಯಿಂದ ಕಿತ್ತು, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹರಿದುಹೋಗಲೆಂದು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿದೆವು. ಫ್ಯಾನನ್ನೂ ಲೋಹದ ಶಾಖಹಾರಕವನ್ನೂ ಬಿಡಿಸಿ, ಸನ್ನೆಯನ್ನು ಎತ್ತಿ, ಹಳೆಯ ಪ್ರೊಸೆಸರನ್ನು ಅಂಚು ಹಿಡಿದು ಮೇಲೆತ್ತಿದೆವು. ಹೊಸದರ ಮೂಲೆಯಲ್ಲಿರುವ ತ್ರಿಕೋನದ ಗುರುತನ್ನೂ ಅಂಚಿನ ಎರಡು ಕಚ್ಚುಗಳನ್ನೂ ಸಾಕೆಟ್ಟಿಗೆ ಸರಿಹೊಂದಿಸಿ ಇಟ್ಟರೆ ಅದು ತನ್ನ ಭಾರದಿಂದಲೇ ಕೂರುತ್ತದೆ, ಬೆರಳಿನಿಂದ ಒತ್ತಬಾರದು. ಈ ಸಾಕೆಟ್ಟಿನಲ್ಲಿ ಒಂದು ಸ್ಪರ್ಶಕ ಬಾಗಿದರೂ ಬೋರ್ಡು ಕೆಡಬಹುದು.

ಪ್ರೊಸೆಸರಿನ ಬೆನ್ನೂ ಶಾಖಹಾರಕದ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಸಂದುಗಳುಳಿಯುತ್ತವೆ. ಆ ಸಂದುಗಳಲ್ಲಿ ತುಂಬುವ ಗಾಳಿ ಶಾಖಕ್ಕೆ ಅತ್ಯಂತ ದುರ್ಬಲವಾದ ವಾಹಕ. ಗಾಳಿಯನ್ನು ಹೊರಡಿಸಲು ಉಷ್ಣವಾಹಕ ಲೇಪ, ಎಂದರೆ ಥರ್ಮಲ್ ಪೇಸ್ಟ್, ಬೇಕು. ಅದು ಗಾಳಿಗಿಂತ ಹತ್ತಾರು ಪಟ್ಟು, ಒಳ್ಳೆಯದಾದರೆ ನೂರು ಪಟ್ಟಿಗೂ ಮೇಲೆ, ಶಾಖವನ್ನು ಸಾಗಿಸಬಲ್ಲುದು. ಆದರೂ ಲೋಹಕ್ಕೆ ಅದು ಸಾಟಿಯಲ್ಲ. ಆದ್ದರಿಂದ ದಪ್ಪವಾಗಿ ಬಳಿಯಬಾರದು. ಹಳೆಯ ಲೇಪವನ್ನು ಒರೆಸಿ ತೆಗೆದು, ನಡುವೆ ಒಂದು ತೊಗರಿಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು. ಶಾಖಹಾರಕದ ಒತ್ತಡ ಅದನ್ನು ತಾನೇ ಹರಡುವುದು.

ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದೆವು. ಫ್ಯಾನು ತಿರುಗಿತು. ಪರದೆಯಲ್ಲಿ ಮಾತ್ರ ಏನೂ ಮೂಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ; ಕತ್ತಲೆಯೇ. ವಿಭಾಗದ ಹಣವೂ ವಿದ್ಯಾರ್ಥಿಗಳ ಮೂರು ವಾರವೂ ಒಟ್ಟಿಗೆ ಹೋದವೆಂದು ನಮಗೆ ಭಯವಾಯಿತು. ಯಾರೂ ಮಾತಾಡಲಿಲ್ಲ.

ಆಗ ಹಳೆಯ ಪ್ರೊಸೆಸರನ್ನೇ ಮರಳಿ ಕೂರಿಸಿ ನೋಡಿದೆವು. ಪರದೆ ಬೆಳಗಿತು! ಬೋರ್ಡು ಕೆಟ್ಟಿರಲಿಲ್ಲ, ಬಯಾಸಿಗೆ ಹೊಸಬನ ಗುರುತಿರಲಿಲ್ಲ, ಅಷ್ಟೆ. ಎರಡನೆಯ ಮೆಟ್ಟಿಲನ್ನು ಬಾಯಲ್ಲಿ ಹೇಳಿದ್ದ ನಾವೇ ಕೈಯಲ್ಲಿ ಮಾಡುವಾಗ ಅದನ್ನು ಹಾರಿದ್ದೆವು. ಹಳೆಯ ಪ್ರೊಸೆಸರು ಇರುವಾಗಲೇ ಬಯಾಸನ್ನು ನವೀಕರಿಸಿ, ಅನಂತರ ಹೊಸದನ್ನು ಕೂರಿಸುವುದು ಸರಿಯಾದ ಕ್ರಮ. ಹೊರಗೆ ಮಳೆ ಸುರಿಯುತ್ತಿತ್ತು. ನವೀಕರಣದ ನಡುವೆ ವಿದ್ಯುತ್ತು ಹೋದರೆ ಆ ಚಿಪ್ಪಿನ ಬರಹ ಅರ್ಧಕ್ಕೇ ನಿಂತು ಬೋರ್ಡು ಏಳದಂತಾಗಬಹುದು. ಆದ್ದರಿಂದ ಅವಸರ ಮಾಡದೆ, ಯುಪಿಎಸ್ಸಿನ ಬ್ಯಾಟರಿ ಪೂರ್ತಿ ತುಂಬಿದ ಮೇಲೆ, ಸೋಮವಾರ ಬೆಳಗ್ಗೆ ಆ ಕೆಲಸ ಮಾಡಿದೆವು. ಈ ಸಲ ಐ5 ತನ್ನ ಹೆಸರನ್ನು ಪರದೆಯ ಮೇಲೆ ತೋರಿಸಿತು.

ನಾಲ್ಕು ಕೈಗಳಿಗೆ ಒಂದೇ ಕೆಲಸ

ವಿದ್ಯಾರ್ಥಿಗಳು ಉತ್ಸಾಹದಿಂದ ಲೆಕ್ಕ ಹೂಡಿದರು. ವೇಗ ಹೆಚ್ಚಿತ್ತು, ನಿಜ, ಆದರೆ ನಿರೀಕ್ಷಿಸಿದಷ್ಟಲ್ಲ. ಸೂಚಕವನ್ನು ತೆರೆದು ನೋಡಿದರೆ ಅದು 25ರಲ್ಲಿ ನಿಂತಿದೆ!

“ಹಳೆಯದು ಅರ್ಧದಷ್ಟಾದರೂ ದುಡಿಯುತ್ತಿತ್ತು, ಸರ್. ಇದು ಕಾಲುಭಾಗಕ್ಕಿಳಿಯಿತಲ್ಲ!”

ಈಗ ಆ 50ರ ಅರ್ಥ ನಮಗೆ ಹೊಳೆಯಿತು. ಎರಡು ಕೋರುಗಳಲ್ಲಿ ಒಂದು ಮಾತ್ರ ದುಡಿದರೆ ಸೂಚಕ ಐವತ್ತು. ನಾಲ್ಕರಲ್ಲಿ ಒಂದು ಮಾತ್ರ ದುಡಿದರೆ ಇಪ್ಪತ್ತೈದು. ವಿದ್ಯಾರ್ಥಿಗಳ ಕ್ರಮವಿಧಿ ಹದಿನಾರು ಉಷ್ಣತೆಗಳನ್ನು ಒಂದಾದ ಮೇಲೊಂದರಂತೆ, ಒಂದೇ ಕೋರಿನ ಮೇಲೆ ಮಾಡುತ್ತಿತ್ತು. ಉಳಿದ ಕೋರುಗಳು ಅಂದೂ ಸುಮ್ಮನಿದ್ದವು, ಇಂದೂ ಸುಮ್ಮನಿದ್ದವು. ಹಣ ಖರ್ಚು ಮಾಡುವ ಮೊದಲೇ ಕೆಲಸವನ್ನು ಎರಡು ಪಾಲು ಮಾಡಿದ್ದರೆ ಹಳೆಯ ಪ್ರೊಸೆಸರೇ ಹತ್ತಿರಹತ್ತಿರ ಇಮ್ಮಡಿ ವೇಗ ಕೊಡುತ್ತಿತ್ತು! ಸೂಚಕವು ಆಗಲೇ ಅದನ್ನು ಹೇಳುತ್ತಿತ್ತು. ಓದಿಕೊಳ್ಳದಿದ್ದುದು ನಮ್ಮ ತಪ್ಪು. ಇದನ್ನು ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಂಡೆವು.

ಪಾಲು ಮಾಡುವುದಕ್ಕೂ ಒಂದು ನಿಯಮವುಂಟು. 1967ರಲ್ಲಿ ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಗಣಕ ತಜ್ಞನು ಅದನ್ನು ಮುಂದಿಟ್ಟನು. ಒಂದು ಕೋರಿನ ಮೇಲೆ ಹತ್ತು ಗಂಟೆ ಹಿಡಿಯುವ ಕೆಲಸವಿದೆಯೆನ್ನಿ. ಅದರಲ್ಲಿ ಒಂದು ಗಂಟೆಯ ಭಾಗವನ್ನು ಹಂಚಲು ಬಾರದು. ಒಂಬತ್ತು ಗಂಟೆಯ ಭಾಗವನ್ನು ಹಂಚಬಹುದು. ಎರಡು ಕೋರುಗಳಿದ್ದರೆ ಒಂದಕ್ಕೆ ನಾಲ್ಕೂವರೆ ಸೇರಿ ಐದೂವರೆ ಗಂಟೆ. ನಾಲ್ಕಿದ್ದರೆ ಮೂರೂಕಾಲು ಗಂಟೆ. ಕೋರುಗಳು ಇಮ್ಮಡಿಯಾದರೂ ಕಾಲ ಅರ್ಧಕ್ಕಿಳಿಯಲಿಲ್ಲ. ಸಾವಿರ ಕೋರುಗಳನ್ನು ತಂದರೂ ಒಂದು ಗಂಟೆಗಿಂತ ಕೆಳಗಿಳಿಯದು. ಹಂಚಲಾಗದ ಭಾಗವೇ ಕೊನೆಗೆ ವೇಗಕ್ಕೆ ಕಡಿವಾಣ.

ಅದೃಷ್ಟವಶಾತ್ ನಮ್ಮ ವಿದ್ಯಾರ್ಥಿಗಳ ಕೆಲಸದಲ್ಲಿ ಹಂಚಲಾಗದ ಭಾಗ ಬಹಳ ಸ್ವಲ್ಪ. ಒಂದು ಉಷ್ಣತೆಯ ಲೆಕ್ಕಕ್ಕೆ ಮತ್ತೊಂದರ ಫಲಿತಾಂಶ ಬೇಕಾಗಿಲ್ಲ. ಹದಿನಾರು ಉಷ್ಣತೆಗಳನ್ನು ನಾಲ್ಕು ನಾಲ್ಕರಂತೆ ವಿಂಗಡಿಸಿ, ಅದೇ ಕ್ರಮವಿಧಿಯನ್ನು ನಾಲ್ಕು ಸಲ ಏಕಕಾಲದಲ್ಲಿ ಹೂಡಿದೆವು. ಒಂದು ಎಚ್ಚರಿಕೆ ಮಾತ್ರ ಅಗತ್ಯವಾಯಿತು: ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ನಾಲ್ಕಕ್ಕೂ ಬೇರೆಬೇರೆ ಬೀಜಸಂಖ್ಯೆಯಿಂದ ಆರಂಭಿಸಿದೆವು, ಇಲ್ಲದಿದ್ದರೆ ನಾಲ್ಕೂ ಒಂದೇ ದಾಳವನ್ನು ಉರುಳಿಸಿದಂತಾಗುತ್ತಿತ್ತು. ಸೂಚಕ ನೂರಕ್ಕೇರಿತು, ಫ್ಯಾನಿನ ಸದ್ದು ಜೋರಾಯಿತು. ರಾತ್ರಿಯೆಲ್ಲ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದ ಊಟದಿಂದ ಕಾಲೇಜು ಬಿಡುವಷ್ಟರಲ್ಲಿ ಮುಗಿಯತೊಡಗಿತು. ಹಗಲಿನಲ್ಲೇ, ಕಣ್ಣೆದುರಿನಲ್ಲೇ ನಡೆಯುವ ಕೆಲಸಕ್ಕೆ ನಡುರಾತ್ರಿಯ ವಿದ್ಯುತ್ತಿನ ಭಯವಿಲ್ಲ.

ಅವರ ನಕ್ಷೆಯಲ್ಲಿ ಕಾಂತತ್ವದ ರೇಖೆ ಮೊದಲು ಮಟ್ಟಸವಾಗಿ ಸಾಗಿ, ಈಸಿಂಗ್ ಮಾದರಿಯ ಉಷ್ಣತೆಯ ಮಾನದಲ್ಲಿ 2.2ರಿಂದ 2.4ರ ನಡುವೆ ಕಡಿದಾಗಿ ಇಳಿದಿತ್ತು. ಲಾರ್ಸ್ ಆನ್ಸಾಗರ್ ಎಂಬ ವಿಜ್ಞಾನಿ 1944ರಲ್ಲಿ ಕೇವಲ ಗಣಿತದಿಂದ ಸಾಧಿಸಿದ ಬೆಲೆ 2.269. ಹಳೆಯ ಪೆಟ್ಟಿಗೆಯೊಳಗಿನ ಯಂತ್ರವು ಅದರ ಸಮೀಪಕ್ಕೆ ತಾನೇ ಬಂದುದನ್ನು ಕಂಡು ಆ ನಾಲ್ವರಿಗಾದ ಸಂತೋಷ ಸಾಮಾನ್ಯವಲ್ಲ. ವರದಿ ಸಕಾಲದಲ್ಲಿ ಒಪ್ಪಿತವಾಯಿತು.

ಯಾರು ಬದಲಾಯಿಸಬೇಕು, ಯಾರು ಬೇಡ?

ಯಂತ್ರ ಏಳಲು, ಕಡತ ತೆರೆಯಲು ತಡವಾಗುತ್ತಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿರಿ. ಸ್ಮೃತಿ ತುಂಬಿ ತುಳುಕುತ್ತಿದ್ದರೆ ರ‍್ಯಾಮನ್ನು ಹೆಚ್ಚಿಸಿರಿ. ಲೆಕ್ಕ, ಚಿತ್ರಣ, ವಿಡಿಯೊ ಸಂಸ್ಕರಣೆಗಳಂಥ ಕೆಲಸಗಳಲ್ಲಿ ಎಲ್ಲ ಕೋರುಗಳೂ ನೂರರಲ್ಲಿ ನಿಂತು ಏದುತ್ತಿದ್ದರೆ ಮಾತ್ರ ಪ್ರೊಸೆಸರಿಗೆ ಹಣ ಹಾಕುವುದು ಸಾರ್ಥಕ. ಇನ್ನೊಂದು ಮಿತಿಯನ್ನೂ ಅರಿತಿರಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು; ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 2012ರ ಪ್ರೊಸೆಸರುಗಳಿಗೆ ಸ್ಥಾನವಿಲ್ಲ. ಎಲ್‌ಜಿಎ 1155 ಸಾಕೆಟ್ಟಿನಲ್ಲಿ ಏನನ್ನು ಕೂರಿಸಿದರೂ ಈ ಬಾಗಿಲು ತೆರೆಯದು. ನಮ್ಮ ಯಂತ್ರ ಲಿನಕ್ಸಿನಲ್ಲಿ ನಡೆಯುವುದರಿಂದ ನಮಗೆ ತೊಂದರೆಯಾಗಲಿಲ್ಲ.

ತೆಗೆದಿಟ್ಟ ಜಿ620 ಈಗ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿದೆ. ಹೊಸ ತರಗತಿಯ ವಿದ್ಯಾರ್ಥಿಗಳು ಬಂದಾಗ ಅದನ್ನು ಅವರ ಅಂಗೈ ಮೇಲಿಟ್ಟು, ಐವತ್ತರಲ್ಲಿ ನಿಂತಿದ್ದ ಸೂಚಕದ ಕಥೆಯನ್ನು ಹೇಳುತ್ತೇವೆ. ಅಳತೆ ಮಾಡುವುದು ಭೌತಶಾಸ್ತ್ರದ ಮೊದಲ ಪಾಠ. ಅಳತೆಯ ಅಂಕಿ ಏನು ಹೇಳುತ್ತಿದೆಯೆಂದು ಪೂರ್ತಿ ಕೇಳಿಸಿಕೊಳ್ಳುವುದು ಎರಡನೆಯದು. ಸ್ಕ್ರೂಡ್ರೈವರಿಗೆ ಕೈಹಾಕುವ ಮುನ್ನ ಎರಡೂ ಮುಗಿದಿರಲಿ.